ಬುಡೇನ್ ಸಾಬರ ಬಾಯಿ, ಮುನ್ನಿಯ ಕಾಲು

ಕೆ.ಆರ್. ನಗರದ ರೈಲ್ವೆ ಸ್ಟೇಷನ್ ಎದುರು ನಿಲ್ಲುವ ಜಟಕಾದವರೆಲ್ಲ ಎರಡು ಮಾತು ಹೇಳುತ್ತಾರೆ. ಜನ ಹತ್ತಿದ ಮೇಲೆ ಗಾಡಿ ಹಿಂದಕ್ಕೆ ವಾಲಿದರೆ ‘ಮುಂದಕ್ಕೆ ಬನ್ನಿ’, ಮುಂದಕ್ಕೆ ವಾಲಿದರೆ ‘ಹಿಂದಕ್ಕೆ ಸರೀರಿ’. ಬುಡೇನ್ ಸಾಬರಿಗೆ ಮಾತ್ರ ಒಂದೇ ಮಾತು: “ಇಂದಕ್ಕೆ ಸರೀರಿ ಸಾಮಿ, ಇನ್ನೊಸಿ ಇಂದಕ್ಕೆ.” ಯಾಕೆಂದರೆ ಮುಂದೆ ಅವರೇ ಕೂತಿರುತ್ತಿದ್ದರು. ಅವರು ಹತ್ತಿ ಕೂತರೆ ಗಾಡಿಯ ಮೂಕಿ, ಅಂದರೆ ಕುದುರೆಯ ಎರಡೂ ಪಕ್ಕಕ್ಕೆ ಹೋಗುವ ಉದ್ದನೆಯ ಮರಗಳು, ಕಿರ್ರೆಂದು ಕೆಳಗಿಳಿಯುತ್ತಿದ್ದವು. ಅವರ ಕುದುರೆ ಮುನ್ನಿಯ ಬೆನ್ನು ಒಂದು ಸಲ ತಗ್ಗಿ ಏಳುತ್ತಿತ್ತು. ಹಿಂದೆ ನಾವೆಲ್ಲ ಒಬ್ಬರ ಮೇಲೊಬ್ಬರು ಒತ್ತಿಕೊಂಡು ಕೂತರೂ ತೂಕ ಸಮ ಆಗುತ್ತಿರಲಿಲ್ಲ.

ನಾನು ಆಗ ಸ್ಟೇಷನ್ ಪಕ್ಕದ ಅಕ್ಕಿ ಗಿರಣಿಯಲ್ಲಿ ಕೆಲಸಕ್ಕಿದ್ದೆ. ನಾನೂ ಸಣ್ಣ ಆಳಲ್ಲ. ಮೈ ಇಳಿಸುವುದು ಹೇಗೆ ಅಂತ ಕಂಡಕಂಡವರನ್ನು ಕೇಳುವ ಹುಚ್ಚು ನನಗೆ. ಗರಡಿಯ ಪೈಲ್ವಾನರನ್ನು ಕೇಳಿದೆ, ಪಿರಿಯಾಪಟ್ಟಣದ ನಾಟಿ ವೈದ್ಯರನ್ನು ಕೇಳಿದೆ. ಎಲ್ಲರದ್ದೂ ಒಂದೇ ಉತ್ತರ, ತಿನ್ನಬೇಡ. ಅದು ನನಗೂ ಗೊತ್ತಲ್ಲ! ತಿನ್ನಬೇಕು ಅನ್ನಿಸಿದಾಗ ಏನು ಮಾಡಬೇಕು? ಅದನ್ನು ಹೇಳಿದವರು ಬುಡೇನ್ ಸಾಬರೊಬ್ಬರೇ. ಅದೂ ಅವರು ಪಾಡು ಪಟ್ಟ ಮೇಲೆ.

ಅವರು ತಿನ್ನುವುದನ್ನು ನೋಡುವುದೇ ಒಂದು ಚೆಂದ. ಬೋಂಡವನ್ನು ಮೊದಲು ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಅಮುಕುತ್ತಿದ್ದರು. “ಗರ್ ಅಂತದಾ ಇಲ್ವಾ ಕೇಳ್ಬೇಕು ಕಣಪ್ಪಾ. ಮಾತಾಡ್ದೇ ಇರೋ ಬೋಂಡ ತಿನ್ಬಾರ್ದು” ಅನ್ನುತ್ತಿದ್ದರು. ಸ್ಟೇಷನ್ ಎದುರಿನ ಬೋಂಡಗಳೆಲ್ಲ ಮಾತಿನ ಮಲ್ಲಿಯರು. ಒಂದೂ ಉಳಿಯುತ್ತಿರಲಿಲ್ಲ.

ಒಂದು ಬೇಸಗೆ, ಮುನ್ನಿಯ ಬೆನ್ನ ಮೇಲೆ ಜೀನು ಕೂರುವ ಕಡೆ ಹುಣ್ಣಾಯಿತು. ದನದ ಡಾಕ್ಟರು ನೋಡಿ ಹೇಳಿದರು: “ಮುಲಾಮು ನಾನು ಕೊಡ್ತೀನಿ ಸಾಬರೆ. ಆದ್ರೆ ಮೇಲಿರೋ ಭಾರ ಇಳಿಯದೆ ಇದು ಮಾಯೋದಿಲ್ಲ. ನೀವು ಕರಗಬೇಕು, ಇಲ್ಲ ಲಗಾಮು ಬೇರೆಯವರಿಗೆ ಕೊಡಬೇಕು.”

ಸಾಬರ ಹೆಂಡತಿಯ ತಮ್ಮ ಗಫಾರ್, ಕಬ್ಬಿನ ಜಲ್ಲೆಯಂಥ ಆಳು, ಪಕ್ಕದಲ್ಲೇ ಇದ್ದ. “ನಾನಿದೀನಲ್ಲ ಭಾವಾ” ಅಂದ. ಸಾಬರು ಮುನ್ನಿಯ ಕತ್ತು ಸವರುತ್ತಾ ನಿಂತರು. ಮರಿಯಾಗಿದ್ದಾಗಿನಿಂದ ಅವರೇ ಸಾಕಿದ ಕುದುರೆ ಅದು. ಇನ್ನೊಬ್ಬರ ಕೈ ಅದರ ಲಗಾಮು ಮುಟ್ಟಿದ್ದಿಲ್ಲ.

ಕೊನೆಗೆ ಗಫಾರನೇ ಒಂದು ಪಂದ್ಯ ಕಟ್ಟಿದ. “ಬಕ್ರೀದ್ ಬರ್ಲಿ ಭಾವಾ. ಅವತ್ತು ನೀವು ಅತ್ತಿ ಕೂತಾಗ ಮೂಕಿ ಇಳೀಲಿಲ್ವಾ, ಲಗಾಮು ನಿಮ್ದು. ಇಳೀತಾ, ನಂದು.”

“ಆಗ್ಲಿ ಕಣ್ಲಾ” ಅಂದರು ಸಾಬರು.

ಹುಣ್ಣು ಒಣಗುವವರೆಗೆ ಮುನ್ನಿಗೆ ರಜೆ. ಆಮೇಲೂ ಸಾಬರು ಗಾಡಿ ಹತ್ತಲಿಲ್ಲ. ಲಗಾಮು ಹಿಡಿದು ಎಡಗಡೆ ನಡೆದುಕೊಂಡೇ ಬರುತ್ತಿದ್ದರು. ಇಷ್ಟು ಹೊತ್ತಿಗೆ ಅವರು ಕರಗಬೇಕಿತ್ತು. ಕರಗಲಿಲ್ಲ. ಯಾಕೆ ಅನ್ನುವುದು ಬಯಲಾದದ್ದು ಅವರ ಹೆಂಡತಿ ಜೈತೂನಮ್ಮ ಅಕ್ಕನ ಮನೆಗೆ ಹೋಗಲು ಜಟಕಾ ಹತ್ತಿದ ದಿನ. ನಾನೂ ಹಿಂದೆ ಕೂತಿದ್ದೆ.

ಹೋಟೆಲ್ ಮುಂದೆ ಮುನ್ನಿ ತಾನಾಗಿ ನಿಂತಳು. “ಯಾಕ್ ನಿಂತ್ಲು?” ಅಂದರು ಜೈತೂನಮ್ಮ. “ದಣಿವು” ಅಂದರು ಸಾಬರು. ನಾಲ್ಕು ಹೆಜ್ಜೆ ಆಚೆ ಬೋಂಡದ ಅಂಗಡಿ. ಮುನ್ನಿ ಮತ್ತೆ ನಿಂತಳು. “ಇಲ್ಲೂ ದಣಿವಾ?” ಸಾಬರು ಮುನ್ನಿಯ ಕತ್ತು ತಟ್ಟಿ ಹೊರಡಿಸಿದರು. ಮಿಠಾಯಿ ಅಂಗಡಿಯ ಮುಂದೆ ಮುನ್ನಿ ನಿಂತದ್ದಷ್ಟೇ ಅಲ್ಲ, ಬೆಲ್ಲದ ಚೂರು ಬರುತ್ತದೆ ಅಂತ ಮೂತಿಯನ್ನೂ ಮುಂದಕ್ಕೆ ಚಾಚಿದಳು. ಸಾಬರು ತಿಂದಾಗಲೆಲ್ಲ ಅವಳಿಗೂ ಒಂದು ಪಾಲು ಸಿಗುತ್ತಿತ್ತಲ್ಲ!

ಅವರ ಮನೆ ಮಾತು ಉರ್ದು. ಬಯ್ಯುವಾಗ ಮಾತ್ರ ಜೈತೂನಮ್ಮ ಕನ್ನಡಕ್ಕೆ ಬರುತ್ತಿದ್ದರು, ಎಲ್ಲರಿಗೂ ತಿಳಿಯಲಿ ಅಂತ. “ಒಂದು ರೊಟ್ಟಿ ಸಾಕು ಅಂತ ಮನೇಲಿ ಕೈ ತೊಳ್ಕಂತಿದ್ರಲ್ಲಾ, ನನ್ನ ಗಂಡ ಸೊರಗೋಯ್ತಾರೆ ಅಂತ ನಾನು ಅಳ್ತಿದ್ನಲ್ಲಾ! ನೋಡ್ರಪ್ಪಾ, ಈ ಕುದ್ರೆಗೆ ಸುಳ್ಳೇಳಕೆ ಬರಲ್ಲ!”

ಬೀದಿಗೆ ಬೀದಿಯೇ ನಕ್ಕಿತು. ಸಾಬರು ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದರು: “ನೋಡ್ದಾ ಸಿವಣ್ಣಾ, ನನ್ ಬಾಯಿ ಚಪಲ ಇವಳ ಕಾಲ್ಗೆ ಬಂದ್ಬುಟ್ಟದೆ.”

ಅವತ್ತಿನಿಂದ ಅವರು ನಿಜವಾಗಿ ಶುರು ಮಾಡಿದರು. ಮೊದಮೊದಲು ಮುನ್ನಿ ನಿಂತ ಕೂಡಲೇ ಎಳೆದರು, ಗದರಿದರು. ಅವಳು ಕಂಬದ ಹಾಗೆ ನಿಂತಳು. ಎಳೆದು ಸುಸ್ತಾಗಿ ಸಾಬರು ಮತ್ತೆ ಬೋಂಡ ತಿಂದರು. ಒಂದು ದಿನ ನೋಡುತ್ತೇನೆ, ಹೋಟೆಲ್ ಮುಂದೆ ಕುದುರೆ ನಿಂತಿದೆ, ಪಕ್ಕದಲ್ಲಿ ಸಾಬರು ಏನೂ ಮಾಡದೆ ಸುಮ್ಮನೆ ನಿಂತಿದ್ದಾರೆ. ಬಾಯಿ ಮಾತ್ರ ಆಡುತ್ತಿದೆ.

“ಏನು ಸಾಬ್ರೆ ಇದು?”

“ಎಳುದ್ರೆ ಜಿದ್ದಿಗೆ ಬೀಳ್ತಾಳೆ, ಬಯ್ದ್ರೂ ಅಷ್ಟೇ. ಸುಮ್ಕೆ ಜೊತೇಲಿ ನಿಂತ್ಕಂಡ್ರೆ ವಸಿ ಒತ್ತು ಕಿವಿ ನಿಗುರ್ಸ್ತಾಳೆ, ಕಾಲ್ ಕೆರೀತಾಳೆ. ಆಮೇಕೆ ಒಂದು ಉಸ್ರು ಬುಟ್ಟು ಅವಳೇ ಒಂಟೋಯ್ತಾಳೆ. ನನ್ ಬಾಯೂ ಅಂಗೇ ಕಣಪ್ಪಾ.”

“ಬಾಯಲ್ಲಿ ಏನಿದೆ?”

“ಲವಂಗ. ಅವಳ ಬಾಯ್ಗೆ ಲಗಾಮು, ನನ್ ಬಾಯ್ಗೆ ಲವಂಗ.”

ನನಗೆ ಸುಮ್ಮನಿರಲು ಆಗುತ್ತದೆಯೇ? “ಈ ಆಸೆ ಶುರುವಾಗೋದು ಎಲ್ಲಿ ಸಾಬ್ರೆ, ನಾಲಗೇಲಾ, ಹೊಟ್ಟೇಲಾ?” ಅಂದೆ. ನೋಡಿ ಹೇಳುತ್ತೇನೆ ಅಂದರು. ಮರುದಿನ ಗಿರಣಿ ಬಾಗಿಲಿಗೇ ಬಂದು ಉತ್ತರ ಕೊಟ್ಟರು. “ಮೂಗಲ್ಲಿ ಕಣಪ್ಪಾ. ಅಲ್ಲಿಂದ ಸೀದಾ ಕಾಲ್ಗೆ ಬತ್ತದೆ. ಒಟ್ಟೆಗೆ ಸುದ್ದೀನೇ ಮುಟ್ಟಿರಲ್ಲ.” ಎಂಥಾ ಮಾತು! ನಾನೂ ಮನೆಯಲ್ಲಿ ವಡೆ ಕರಿಯುವಾಗ ಲವಂಗ ಹಾಕಿಕೊಂಡು ನಿಂತು ನೋಡಿದೆ. ಲವಂಗವನ್ನೂ ನುಂಗಿದೆ, ವಡೆಯನ್ನೂ ತಿಂದೆ.

ಸಾಬರೂ ಒಂದು ಸಲ ಸೋತರು. ಭೇರ್ಯದ ದಾರಿಯಲ್ಲಿ ಒಂದು ಆಲೆಮನೆ ಇದೆ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುವ ವಾಸನೆ ರಸ್ತೆಗೇ ಬಂದು ಕೈ ಹಿಡಿದು ಕರೆಯುತ್ತದೆ. ನಾನು ಸೈಕಲ್ಲಿನಲ್ಲಿ ಹೋಗುತ್ತಿದ್ದಾಗ ಆಲೆಮನೆ ದಾಟಿ ನಿಂತಿದ್ದ ಖಾಲಿ ಜಟಕಾ ಕಂಡಿತು. ಹಿಂದುಗಡೆ ಸಾಬರು ಮುತ್ತುಗದ ಎಲೆಯಲ್ಲಿ ಬಿಸಿ ಬೆಲ್ಲ ನೆಕ್ಕುತ್ತಿದ್ದರು.

“ಮುನ್ನಿ ಹೊರಡಲಿಲ್ವಾ ಸಾಬ್ರೆ?” ಅಂದೆ.

“ಅವಳು ಒಂಟ್ಲು ಕಣಪ್ಪಾ. ನಾನೇ ನಿಂತ್ಕಂಬುಟ್ಟೆ.”

ನಾನು ನಗಲು ಹೊರಟವನು ಅವರ ಮುಖ ನೋಡಿ ನಿಲ್ಲಿಸಿದೆ. ಮರುದಿನ ಬಾಯಲ್ಲಿ ಮತ್ತೆ ಲವಂಗ.

ಬಕ್ರೀದ್ ಬಂತು. ನಮಾಜು ಮುಗಿಸಿ ಹೊಸ ಜುಬ್ಬದಲ್ಲಿ ಸಾಬರು ಸ್ಟೇಷನ್ ಎದುರು ನಿಂತಿದ್ದರು. ಜುಬ್ಬ ಮೈಮೇಲೆ ಜೋಲುತ್ತಿತ್ತು. ಜಟಕಾದವರೆಲ್ಲ ಸುತ್ತ ಸೇರಿದರು. ಹಿಂದೆ ಎಂದಿನಂತೆ ನಾನು ಮತ್ತು ಇನ್ನಿಬ್ಬರು. ಸಾಬರು ಮುನ್ನಿಯ ಕಿವಿಯಲ್ಲಿ ಏನೋ ಹೇಳಿ ಹತ್ತಿ ಕೂತರು. ಮೂಕಿ ಇಳಿಯಲಿಲ್ಲ. ಅಲುಗಿತು, ಅಭ್ಯಾಸಬಲದಿಂದ ನಾವು ಹಿಂದಕ್ಕೆ ಸರಿದದ್ದೇ ಮೆಲ್ಲಗೆ ಮೇಲಕ್ಕೆ ಎದ್ದಿತು!

“ಅದು ಸಿವಣ್ಣನ ತೂಕ ಭಾವಾ, ಮೋಸ!” ಅಂದ ಗಫಾರ್.

“ಮೊದ್ಲೂ ಸಿವಣ್ಣ ಇಂದೇನೇ ಕೂತಿದ್ನಲ್ಲೋ!” ಅಂದರು ಸಾಬರು. ಆಮೇಲೆ ಇಡೀ ಸ್ಟೇಷನ್ನಿಗೆ ಕೇಳುವಂತೆ ಕೂಗಿದರು: “ಸಿವಣ್ಣಾ, ವಸಿ ಮುಂದಕ್ಕೆ ಬಾರಪ್ಪಾ!”

ಅವರ ಬಾಯಲ್ಲಿ ಆ ಮಾತು ಅದೇ ಮೊದಲು. ನನ್ನ ಮೈ ನೋಡಿ ಎಲ್ಲರೂ ನಗುತ್ತಿದ್ದರು. ನಾನು ಅಷ್ಟು ಖುಷಿಯಿಂದ ಯಾವತ್ತೂ ಮುಂದಕ್ಕೆ ಸರಿದಿಲ್ಲ.

ಹೋದ ಮಳೆಗಾಲದಲ್ಲಿ ಜ್ವರ ಬಂದು ಬುಡೇನ್ ಸಾಬರು ತೀರಿಕೊಂಡರು. ಕೊನೆಯ ತನಕ ಲಗಾಮು ಅವರ ಕೈಯಲ್ಲೇ ಇತ್ತು. ಈಗ ಗಫಾರನ ಕೈಯಲ್ಲಿದೆ. ಮುನ್ನಿಯ ಬೆನ್ನ ಮೇಲೆ ಹುಣ್ಣು ಮಾಯ್ದ ಕಡೆ ಅಂಗೈಯಗಲ ಬಿಳಿ ಕೂದಲು ಬಂದಿದೆ.

ಮೊನ್ನೆ ಭೇರ್ಯಕ್ಕೆ ಅದೇ ಜಟಕಾದಲ್ಲಿ ಹೋದೆ. ಆಲೆಮನೆ ಹತ್ತಿರ ಮುನ್ನಿ ನಿಂತಳು. ಗಫಾರ್ ಚಾವಟಿ ಎತ್ತಿದ.

“ಬುಡು ಗಫಾರ್. ಅವಳೇ ಹೊಂಟೋಯ್ತಾಳೆ” ಅಂದೆ. ಬೆಲ್ಲದ ವಾಸನೆ ನನ್ನ ಮೂಗಿಗೂ ಬಂದಿತ್ತು. ಜೇಬಿನಿಂದ ಲವಂಗ ತೆಗೆದು ಬಾಯಿಗೆ ಹಾಕಿಕೊಂಡೆ. ಮುನ್ನಿ ಕಿವಿ ನಿಗುರಿಸಿದಳು, ಕಾಲು ಕೆರೆದಳು. ಆದರೆ ಅವಳು ನೋಡುತ್ತಿದ್ದದ್ದು ಆಲೆಮನೆಯ ಕಡೆಗಲ್ಲ. ಕತ್ತು ಎಡಕ್ಕೆ ತಿರುಗಿಸಿ, ಸಾಬರು ನಡೆದು ಬರುತ್ತಿದ್ದ ಜಾಗವನ್ನು ನೋಡುತ್ತಿದ್ದಳು. ಉಸಿರು ಬಿಟ್ಟಳು. ಆದರೂ ಹೊರಡಲಿಲ್ಲ.

ಗಫಾರ್ ಚಾವಟಿ ಕೆಳಗಿಟ್ಟ. ನಾವೂ ಅವಸರ ಮಾಡಲಿಲ್ಲ.