ಆಯಿ ಸೆರಗಿನಿಂದ ಒರೆಸಿದ ಫೋಟೊ

ಮೊಬೈಲಿನಲ್ಲಿ ಅವ್ವನ ಫೋಟೊ ಮಸುಕಾಗಿ ಬಂದಿತ್ತು. ಕಾಂಟ್ರಾಸ್ಟ್ ಏರಿಸಲು ಬೆರಳಿಟ್ಟಾಗ ನಮ್ಮಜ್ಜಿ ನೆನಪಾದಳು. ಅವಳನ್ನು ನಾವು ಆಯಿ ಎನ್ನುತ್ತಿದ್ದೆವು.

ಅಜ್ಜ ತೀರಿಕೊಂಡಾಗ ನಮ್ಮಲ್ಲಿ ಉಳಿದದ್ದು ಅವನದೊಂದೇ ಫೋಟೊ. ನಮ್ಮೂರು ಹಲಸಿಯ ಮನೆಯಂಗಳದಲ್ಲಿ, ಮಂಜು ಬಿದ್ದ ಮುಂಜಾನೆ, ಕಾಕಾ ತನ್ನ ಗೆಳೆಯನ ಡಿಜಿಟಲ್ ಕ್ಯಾಮೆರಾದಲ್ಲಿ ತೆಗೆದದ್ದು. ಅದರಲ್ಲಿ ಅಜ್ಜನ ಹಣೆಯ ವಿಭೂತಿಯೇ ಕಾಣುತ್ತಿರಲಿಲ್ಲ.

"ಬೋಳ ಹಣಿ ಫೋಟೊ ಗ್ವಾಡಿಗೆ ಹಾಕಬ್ಯಾಡೋ" ಎಂದು ಆಯಿ ಹಟ ಹಿಡಿದಳು.

ಕಾಕಾ ಆಯಿಯನ್ನೂ ನನ್ನನ್ನೂ ಬೆಳಗಾವಿಯ ಸ್ಟುಡಿಯೋಕ್ಕೆ ಕರೆದೊಯ್ದ. ಕಂಪ್ಯೂಟರ್ ಪರದೆಯ ಮೇಲೆ ಅಜ್ಜ ಬೂದಿಬಣ್ಣದಲ್ಲಿ ಮೂಡಿದ.

"ತಮ್ಮಾ, ಇದರ ಮ್ಯಾಲ ಎಷ್ಟ ಧೂಳ ಕುಂತೈತಿ!" ಎನ್ನುತ್ತ ಆಯಿ ಸೆರಗಿನಿಂದ ಅಜ್ಜನ ಹಣೆ ಒರೆಸತೊಡಗಿದಳು. ಅದೇ ಹೊತ್ತಿಗೆ ಸ್ಟುಡಿಯೋದವರು ಮೌಸ್ ಸರಿಸಿ ಕಾಂಟ್ರಾಸ್ಟ್ ಏರಿಸಿದರು. ಮುಖ ತಿಳಿಯಾಯಿತು. ಸೆರಗು ಸರಿದಲ್ಲಿ ವಿಭೂತಿಯ ಮೂರು ಗೆರೆಗಳು ಬೆಳ್ಳಗೆ ಎದ್ದು ಬಂದವು.

"ನೋಡ, ಒರಸಿದ ಕೂಡ್ಲೆ ಬಂತ!" ಎಂದ ಆಯಿಯ ಕಣ್ಣುಗಳು ತುಂಬಿದ್ದವು.

ಸ್ಟುಡಿಯೋದವರು ಮೌಸಿನಿಂದ ಮೆಲ್ಲಗೆ ಕೈ ತೆಗೆದರು. "ಹೌದ್ರಿ ಆಯಿ, ನಿಮ್ಮ ಕೈಯಿಂದನ ಬಂತ್ರಿ."

ಈಗ ಬೆರಳು ಸರಿಸಿದರೆ ಸಾಕು, ಅವ್ವನ ಮುಖ ತಿಳಿಯಾಗುತ್ತದೆ. ಆದರೂ ಮೊದಲು ನನ್ನ ಸೆರಗಿನಿಂದ ಒಮ್ಮೆ ಅವಳ ಹಣೆ ಒರೆಸಿದೆ.