ತಪಸ್ಸುಕಾಲದ ಚಪ್ಪಾಳೆ

ಒಂದು ತಪಸ್ಸುಕಾಲದಲ್ಲಿ ನಾವು ಏಳು ಜನ ಸೇರಿ ಒಬ್ಬ ಒಳ್ಳೆಯ ಮನುಷ್ಯನನ್ನು ಸಾವಿನ ಕಡೆಗೆ ಕಳಿಸಿಕೊಡುತ್ತಿದ್ದೆವು, ಅದೂ ಕೈಯಲ್ಲಿ ಜಪಸರ ಹಿಡಿದುಕೊಂಡು. ಬೇಕೆಂದು ಮಾಡಿದ್ದಲ್ಲ. ಮೊದಮೊದಲು ಹಾಗೆ ಹೇಳಿಕೊಂಡು ನನ್ನನ್ನು ನಾನೇ ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಈಗ ಅದು ಆಗುವುದಿಲ್ಲ.

ನಮ್ಮದು ಚರ್ಚಿನ ಗುರುಗಳ ಸಂಘವಲ್ಲ, ಸಂಸಾರಸ್ಥರ ಗುಂಪು. ದೇವನಹಳ್ಳಿ, ವಿಜಯಪುರ, ದೊಡ್ಡಬಳ್ಳಾಪುರದ ಕಡೆ ಸೈನ್ಯದಿಂದ ನಿವೃತ್ತರಾಗಿ ಬಂದವರ ಯೋಗಕ್ಷೇಮ ನೋಡಿಕೊಳ್ಳಲೆಂದು ಕಟ್ಟಿಕೊಂಡದ್ದು. ಯಾರಿಗೆ ಮಂಡಿನೋವು, ಯಾರ ಪಿಂಚಣಿ ಕಾಗದ ಯಾವ ಮೇಜಿನ ಮೇಲೆ ಕೂತಿದೆ, ಯಾರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು, ಇದೆಲ್ಲ ನಮ್ಮ ಕೆಲಸ. ಶುಕ್ರವಾರ ಮಧ್ಯಾಹ್ನ ಸರದಿಯ ಮೇಲೆ ಒಬ್ಬರ ಮನೆಯಲ್ಲಿ ಪ್ರಾರ್ಥನೆ. ನನ್ನ ಯಜಮಾನರೂ ಸೈನ್ಯದಲ್ಲಿದ್ದವರು. ಅವರು ತೀರಿಕೊಂಡ ಮೇಲೆ ಮೂಲೆ ಹಿಡಿದಿದ್ದ ನನ್ನನ್ನು ಎಬ್ಬಿಸಿ ಹೊರಗೆ ತಂದದ್ದೇ ಈ ಗುಂಪು. ಅದಕ್ಕೇ ಅದರ ಮೇಲೆ ನನಗೆ ವಿಪರೀತ ಅಭಿಮಾನ. ನಾವು ಮಾಡುವುದೆಲ್ಲ ಸರಿ ಎಂದೇ ನಂಬಿದ್ದೆ.

ಪಾಸ್ಖ, ಅಂದರೆ ಈಸ್ಟರ್ ಹಬ್ಬಕ್ಕೆ ಮುಂಚಿನ ನಲವತ್ತು ದಿನ ನಮಗೆ ತಪಸ್ಸುಕಾಲ. ಇಷ್ಟವಾದದ್ದನ್ನು ಬಿಡಬೇಕು, ಉಪವಾಸ ಇರಬೇಕು. ನಮ್ಮ ಗುಂಪಿನಲ್ಲಿ ಅದಕ್ಕೊಂದು ರೂಢಿಯಿತ್ತು. ಜಪಸರ ಮುಗಿದ ಮೇಲೆ ಸುತ್ತ ಕೂತು ಒಬ್ಬೊಬ್ಬರೂ ಆ ವಾರ ಏನು ತ್ಯಾಗ ಮಾಡಿದೆವೆಂದು ಹೇಳುವುದು, ಉಳಿದವರು ದೇವರಿಗೆ ಸ್ತೋತ್ರ ಎಂದು ಚಪ್ಪಾಳೆ ತಟ್ಟುವುದು. ನಾನು ಕಾಫಿ ಬಿಟ್ಟಿದ್ದೆ. ಅದನ್ನು ಹೇಳುವಾಗ ನನ್ನ ಮುಖ ನೋಡಬೇಕಿತ್ತು, ಗಡಿಯಲ್ಲಿ ಯುದ್ಧ ಗೆದ್ದು ಬಂದವಳ ಹಾಗೆ. ಇನ್ನೊಬ್ಬರು ಸಂಜೆಯ ಧಾರಾವಾಹಿ ಬಿಟ್ಟಿದ್ದರು. ಮನೆಯಲ್ಲಿ ಜಗಳ ಬಿಟ್ಟೆ ಎಂದವರ ಕಡೆ ಅವರ ಹೆಂಡತಿಯೇ ತಿರುಗಿ ನೋಡಿದ್ದರು.

ನಮ್ಮ ಪ್ರಾರ್ಥನೆಗೆ ಬರುತ್ತಿದ್ದ ನಿವೃತ್ತ ಹವಾಲ್ದಾರರೊಬ್ಬರದು ಮಾತ್ರ ಬೇರೆ. ವಿಜಯಪುರದ ಅಂಚಿನಲ್ಲಿ, ರೇಷ್ಮೆ ಗೂಡು ಬೇಯಿಸುವ ವಾಸನೆ ಹಗಲೆಲ್ಲ ಬಡಿಯುವ ಬೀದಿಯಲ್ಲಿ ಅವರ ಮನೆ. ಐವತ್ತೈದರ ಆಸುಪಾಸಿನ ಮನುಷ್ಯ. ಹೆಂಡತಿ ತೀರಿಹೋಗಿ ಎರಡು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಎಲ್ಲಿ ಕೂತರೂ ಬೆನ್ನು ಗೋಡೆಗೆ, ಕಣ್ಣು ಬಾಗಿಲಿಗೆ. ಗಡಿಯಲ್ಲಿ ಏನೇನು ಕಂಡಿದ್ದರೋ ಅದರ ಬಗ್ಗೆ ತುಟಿ ಬಿಚ್ಚಿದವರಲ್ಲ. ನಾವೂ ಕೇಳಿದವರಲ್ಲ. ಪ್ರಾರ್ಥನೆ ಮಾಡುತ್ತಿದ್ದೆವಲ್ಲ, ಸಾಕು ಎಂದುಕೊಂಡಿದ್ದೆವು.

ಮೊದಲ ಶುಕ್ರವಾರ ಅವರು ಕುಡಿತ ಬಿಟ್ಟೆ ಎಂದರು, ಮನೆಯಲ್ಲಿದ್ದ ಮಿಲಿಟರಿ ಕ್ಯಾಂಟೀನಿನ ಬಾಟಲಿಗಳನ್ನೆಲ್ಲ ಚರಂಡಿಗೆ ಸುರಿದರಂತೆ. ನಮಗೆಲ್ಲ ಖುಷಿಯೋ ಖುಷಿ. ಎರಡನೆಯ ವಾರ ರೇಡಿಯೋ ಯಾರಿಗೋ ಕೊಟ್ಟರು. ಮೂರನೆಯ ವಾರ ಉಣ್ಣೆ ಕಂಬಳಿಗಳು, ಬೂಟು, ಟ್ರಂಕು. ನಾಲ್ಕನೆಯ ವಾರ ಕೈಗಡಿಯಾರ ಬಿಚ್ಚಿ ನಮ್ಮ ಗುಂಪಿನವರೊಬ್ಬರ ಕೈಗೇ ಕಟ್ಟಿದರು. ಇನ್ನು ನನಗೆ ಟೈಮ್ ನೋಡೋ ಕೆಲಸ ಇಲ್ಲ ಎಂದರು. ನಾವು ನಕ್ಕೆವು. ಐದನೆಯ ವಾರ ಹಾಸಿಗೆಯನ್ನೂ ಕೊಟ್ಟು ನೆಲದ ಮೇಲೆ ಮಲಗುತ್ತಿರುವುದಾಗಿ ಹೇಳಿದರು. ಕೆನ್ನೆ ಒಳಗೆ ಹೋಗಿತ್ತು, ಕಣ್ಣಿನ ಸುತ್ತ ಕಪ್ಪು. ಉಪವಾಸದ ಕಳೆ ಎಂದು ನಾನೇ ಪಕ್ಕದವರ ಕಿವಿಯಲ್ಲಿ ಹೇಳಿದೆ. ನನ್ನ ಕಾಫಿಯ ತ್ಯಾಗ ಇವರ ಮುಂದೆ ಏನೂ ಅಲ್ಲ ಎಂದು ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು.

ಆರನೆಯ ಶುಕ್ರವಾರ ಪ್ರಾರ್ಥನೆ ಅವರ ಮನೆಯಲ್ಲೇ ಇತ್ತು. ಒಳಗೆ ಹೋದರೆ ಮಾತು ಗೋಡೆಗೆ ಬಡಿದು ವಾಪಸ್ಸು ಬರುವಷ್ಟು ಖಾಲಿ. ಕೂರಲು ಪಕ್ಕದ ಮನೆಯಿಂದ ಚಾಪೆ ತರಿಸಿದ್ದರು. ಅವರ ಸರದಿ ಬಂದಾಗ, ನಾಯಿಯನ್ನು ಸಾಸಲು ಕಡೆಯ ಪರಿಚಯದವರ ತೋಟಕ್ಕೆ ಬಿಟ್ಟು ಬಂದೆ ಎಂದರು. ಹೆಂಡತಿ ಸಾಕಿದ್ದ ನಾಯಿ. ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಆ ಮೌನ ನನಗೆ ಸಹಿಸಲಾಗಲಿಲ್ಲ, ಜೋರಾಗಿ ಚಪ್ಪಾಳೆ ತಟ್ಟಿದೆ. ಉಳಿದವರೂ ತಟ್ಟಿದರು. ಅವರು ನನ್ನನ್ನೇ ನೋಡುತ್ತಿದ್ದರು. ಆಮೇಲೆ ನಿಧಾನವಾಗಿ ಹೇಳಿದರು, "ಮುಂದಿನ ವಾರದ್ದು ಒಂದಿದೆ. ಅದು ದೊಡ್ಡದು."

ನಾವು ಆಮೆನ್ ಎಂದೆವು.

ಆಮೇಲೆ ನಾನೊಬ್ಬಳೇ ಬಸ್ಸಿಗೆ ಕಾಯುತ್ತಿದ್ದಾಗ, ಚಾಪೆ ಕೊಟ್ಟಿದ್ದ ಆ ಪಕ್ಕದ ಮನೆಯ ಹೆಂಗಸು ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ಓಡಿಬಂದಳು. ನೂಲು ಬಿಚ್ಚುವ ಕೆಲಸದವಳು, ಬೆರಳೆಲ್ಲ ಬಿಸಿನೀರಿಗೆ ಬೆಳ್ಳಗಾಗಿದ್ದವು. ಹವಾಲ್ದಾರರು ಬೆಳಿಗ್ಗೆ ಮನೆಯ ಇನ್ನೊಂದು ಬೀಗದ ಕೈ ತನಗೆ ಕೊಟ್ಟು, ಯಾವ ಕಾಗದ ಎಲ್ಲಿದೆ ಎಂದು ತೋರಿಸಿದರಂತೆ. ಅವಳಿಗೆ ಭಯವಾಗಿದೆ. ನಾನು ದೊಡ್ಡ ಮನುಷ್ಯರ ಹಾಗೆ ತಪಸ್ಸುಕಾಲದ ಬಗ್ಗೆ ವಿವರಿಸಲು ಹೊರಟೆ, ಇದು ನಮ್ಮ ಉಪವಾಸದ ತಿಂಗಳು, ಹೀಗೆಲ್ಲ ಬಿಡುವುದು ಪುಣ್ಯ ಎಂದೆ.

"ಉಪವಾಸ ನಾವೂ ಮಾಡ್ತೀವಿ ಕಣಕ್ಕ," ಎಂದಳು ಅವಳು. "ನಾಯಿನ ಯಾಕ್ ಕೊಟ್ರು? ನಮ್ಮಪ್ಪಾನೂ ಹಿಂಗೇ ಒಂದೊಂದೇ ಕೊಟ್ಕೊಂಡ್ ಬಂದ. ಕೊನೇಗೆ ಹಸಾನೂ ಅತ್ತೆ ಮನೇಗ್ ಬಿಟ್ಬಂದ. ಏನ್ ಒಳ್ಳೇ ಮನ್ಸು ಅಂತಿದ್ವಿ. ಮೂರ್ನೇ ದಿನಕ್ಕೆ ಅವ್ನೇ ಇರ್ಲಿಲ್ಲ."

ನನಗೆ ಸಿಟ್ಟು ಬಂತು. ನಮ್ಮ ಧರ್ಮದ ವಿಷಯ ಇವಳಿಗೇನು ಗೊತ್ತು ಎಂದುಕೊಂಡೇ ಬಸ್ಸು ಹತ್ತಿದೆ. ಕಿಟಕಿಯ ಪಕ್ಕ ಕೂತೆ. ಬಾಟಲಿ, ರೇಡಿಯೋ, ಕಂಬಳಿ, ಗಡಿಯಾರ, ಹಾಸಿಗೆ, ನಾಯಿ. ಇನ್ನು ಕೊಡಲು ಆ ಮನೆಯಲ್ಲಿ ಏನು ಉಳಿದಿದೆ ಎಂದು ಯೋಚಿಸಿದೆ. ಮುಂದಿನ ವಾರ ಶುಭ ಶುಕ್ರವಾರ, ಕ್ರಿಸ್ತರು ಪ್ರಾಣ ಕೊಟ್ಟ ದಿನ. ಕಂಡಕ್ಟರ್ ಬೈಯುತ್ತಿದ್ದಂತೆಯೇ ನಡುದಾರಿಯಲ್ಲಿ ಇಳಿದು, ಸುಡುವ ಬಿಸಿಲಿನಲ್ಲಿ ಬಂದ ದಾರಿಯಲ್ಲೇ ವಾಪಸ್ಸು ನಡೆದೆ. ನಡೆದೆ ಎಂದರೆ ಸುಳ್ಳು, ಓಡಿದೆ. ಈ ವಯಸ್ಸಿನಲ್ಲಿ ನನಗೆ ಓಡಲು ಬರುತ್ತದೆಂದು ನನಗೇ ಗೊತ್ತಿರಲಿಲ್ಲ.

ಬಾಗಿಲು ತೆರೆದೇ ಇತ್ತು. ಅವರು ಅಂಗಳ ಗುಡಿಸುತ್ತಿದ್ದರು. ಆಗಷ್ಟೇ ಕ್ಷೌರ ಮಾಡಿಕೊಂಡಿದ್ದರು, ಮುಖ ಶಾಂತವಾಗಿತ್ತು. ಆ ಶಾಂತಿಯೇ ನನ್ನನ್ನು ಹೆದರಿಸಿತು. ಪೊರಕೆ ಕಿತ್ತುಕೊಂಡು ನೇರವಾಗಿ ಕೇಳಿದೆ, "ಸಾಯ್ಬೇಕು ಅಂತಿದ್ದೀರಾ?"

ಅವರು ಇಲ್ಲ ಎನ್ನಲಿಲ್ಲ. ಬಾಗಿಲ ಮೆಟ್ಟಿಲ ಮೇಲೆ ಕುಸಿದು ಕೂತರು. ನಾನೂ ಪಕ್ಕದಲ್ಲಿ ಕೂತು, ಅವರ ತೋಳು ಬಿಡದೆ, ಇನ್ನೊಂದು ಕೈಯಲ್ಲಿ ಗುಂಪಿನವರಿಗೆಲ್ಲ ಫೋನ್ ಮಾಡಿದೆ. ಪ್ರಾರ್ಥನೆ ಮಾಡೋಣ ಎಂದು ಒಬ್ಬರು ಶುರುಮಾಡಿದರು. ಮೊದಲು ಕಾರು ತನ್ನಿ ಎಂದು ರೇಗಿದೆ.

ಆ ಸಂಜೆಯೇ ಅವರನ್ನು ಆಸ್ಪತ್ರೆಗೆ ಸೇರಿಸಿದೆವು. ಬಹಳ ದಿನ ಇದ್ದರು, ಔಷಧಿ ಈಗಲೂ ನಡೆದಿದೆ. ಬದುಕಿದ್ದಾರೆ. ತ್ಯಾಗ ಹೇಳುವ ರೂಢಿಯನ್ನು ನಾವು ನಿಲ್ಲಿಸಿದ್ದೇವೆ. ಆದರೆ ಕಾರಿನಲ್ಲಿ ಹೋಗುವಾಗ ಅವರು ಹೇಳಿದ ಮಾತನ್ನು ನಾನು ಗುಂಪಿನ ಯಾರಿಗೂ ಹೇಳಿಲ್ಲ, ಪಾಪನಿವೇದನೆಯಲ್ಲಿ ಗುರುಗಳ ಮುಂದೆಯೂ ಬಾಯಿಗೆ ಬಂದಿಲ್ಲ. ಕಿಟಕಿಯ ಕಡೆ ಮುಖ ಮಾಡಿಕೊಂಡು, ಸಿಟ್ಟಿಲ್ಲದೆ ಹೇಳಿದ್ದರು.

"ನಾಯಿನ ಕೊಟ್ಟೆ ಅಂದಾಗ ಯಾರಾದ್ರೂ ಒಬ್ರು ಬೇಡ ಅಂತಾರೆ ಅಂದ್ಕೊಂಡಿದ್ದೆ ಅಕ್ಕ. ಮೊದ್ಲು ಚಪ್ಪಾಳೆ ತಟ್ಟಿದ್ದು ನೀವೇ."