ಸಿರಿಗೇರಿ ಅಂಬಮ್ಮ ಕೇಳಿದ ನೆರಳು

ಅಂಬಮ್ಮ ಪ್ಯಾನೆಲ್ಲಿಗೆ ನಮಸ್ಕಾರ ಮಾಡುತ್ತಾಳೆಂದೇ ಮ್ಯಾನೇಜರ್ ಚನ್ನಬಸವರಾಜ ಮೂರು ತಿಂಗಳು ನಂಬಿದ್ದ. ಸಿರುಗುಪ್ಪದ ಬಯಲಿನ ಆ ಸೋಲಾರ್ ಘಟಕದಲ್ಲಿ, ತೊಳೆಯುವ ಮುನ್ನ ಪ್ರತಿ ಸಾಲಿನೆದುರು ನಿಂತು ಆಕೆ ಗಾಜಿಗೆ ಕೈ ಮುಟ್ಟಿಸುವಳು. "ಸೂರ್ಯದೇವನಿಗೆ ನಮ್ಮ ಕಾರ್ಮಿಕರ ನಮನ" ಎಂದು ಆತ ಬಳ್ಳಾರಿ ಗಾಂಧಿನಗರದ ಗೆಳೆಯರಿಗೆಲ್ಲ ಫೋಟೊ ಕಳಿಸಿ, ತನ್ನ ಫೋಟೊಗೆ ತಾನೇ ಮೊದಲ ಲೈಕ್ ಒತ್ತಿದ್ದ.

ಬಂಡವಾಳ ಹೂಡುವ ಸಾಹೇಬರು ಬರುವ ದಿನವೇ, ಅಂಬಮ್ಮ ಸೇರಿ ಪ್ಯಾನೆಲ್ಲು ತೊಳೆಯುವ ಹನ್ನೊಂದು ಹೆಂಗಸರು ಮುಷ್ಕರ ಹೂಡಿ ಗೇಟಿನಲ್ಲಿ ಕೂತುಬಿಟ್ಟರು. ಬೇಡಿಕೆ ಒಂದೇ: ಬುತ್ತಿ ಬಿಚ್ಚಿ ಉಣ್ಣಲು ಒಂದು ತಗಡಿನ ನೆರಳು. ಅಷ್ಟು ದೊಡ್ಡ ಬಯಲಿನಲ್ಲಿ ನೆರಳಿದ್ದದ್ದು ಪ್ಯಾನೆಲ್ಲುಗಳ ಕೆಳಗೆ ಮಾತ್ರ. ಅಲ್ಲಿ ಕೂರಬಾರದೆಂದು ಬೋರ್ಡಿತ್ತು; ಬೋರ್ಡಿನಲ್ಲಿ ಚನ್ನಬಸವರಾಜನ ಸಹಿಯಿತ್ತು.

ಆತ ಎದೆ ಉಬ್ಬಿಸಿದ. "ಅಂಬಮ್ಮಾ, ಕರೆಂಟು ನಿಂತ್ರ ದೇಶದ ಭದ್ರತಿ ಏನಾಗ್ತೈತಿ, ವಿಚಾರ ಮಾಡೀಯೇನು?"

"ದೇಶ ನಮ್ಮೂರು ಸಿರಿಗೇರಿ ದಾಟಿ ಐತೇನ್ರೀ ಸಾಹೇಬ್ರ? ನಾವೂ ಅದ್ರಾಗ ಅದೀವಲ್ರೀ."

ಪಕ್ಕದ ಗುರುಬಸಮ್ಮ ಕಿಸಕ್ಕನೆ ನಕ್ಕಳು. "ದೇಶ ಕಾಯಾಕ ನಾವು ಬೇಕಂತ. ನಮ್ಮ ಬುತ್ತಿಗಿ ನೆಳ್ಳು ಬ್ಯಾಡಂತ!"

ಸುತ್ತ ಭತ್ತದ ಕೊಯ್ಲು. ಹೊಟ್ಟು ಹಾರಿ ಬಂದು ಪ್ಯಾನೆಲ್ಲುಗಳೆಲ್ಲ ಹಪ್ಪಳಕ್ಕೆ ಹಿಟ್ಟು ಉದುರಿಸಿದಂತಾಗಿದ್ದವು. ಸಾಹೇಬರು ಬರಲು ಇನ್ನೊಂದೇ ಗಂಟೆ. ನಡುಮಧ್ಯಾಹ್ನ ಚನ್ನಬಸವರಾಜ ಪ್ಯಾಂಟು ಮಡಚಿ, ತಾನೇ ಪೈಪು ಹಿಡಿದ.

"ಬ್ಯಾಡ್ರೀ ಸಾಹೇಬ್ರ, ಗಾಜು ಕಾದೈತಿ!" ಅಂಬಮ್ಮ ಕೂಗಿದಳು.

"ನಾನು ಇಂಜಿನಿಯರ್ ಅದೀನಿ!"

ನೀರು ಬಿತ್ತು. ಚಟ್! ಗಾಜಿನ ತುಂಬ ಜೇಡರಬಲೆಯಂಥ ಬಿರುಕು. ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕೂ ನಕ್ಕೂ ಒಬ್ಬರ ಮೇಲೊಬ್ಬರು ಬಿದ್ದರು.

"ದಿನಾ ಮುಟ್ಟಿ ನೋಡೋದು ಇದಕ್ಕರೀ" ಎಂದಳು ಅಂಬಮ್ಮ. "ಕಾದ ಹಂಚಿಗಿ ಯಾರರ ತಣ್ಣೀರು ಹೊಯ್ತಾರೇನು?"

ಮೂರು ತಿಂಗಳ ಭಕ್ತಿ ಒಂದೇ ಏಟಿಗೆ ಇಳಿದು, ಚನ್ನಬಸವರಾಜನ ದನಿಯೂ ಇಳಿಯಿತು. "ಮುಂದೇನು ಮಾಡೋದವ್ವಾ?"

"ತಗಡು ತರಸ್ರಿ. ಸಂಜಿಗಿ ಗಾಜು ಆರಿದ ಮ್ಯಾಲ ತೊಳಿತೀವಿ."

ಆತ ಕುರುಗೋಡಿನ ಅಂಗಡಿಗೆ ಫೋನು ಹಚ್ಚಿ, ಯುದ್ಧಕ್ಕೆ ಸೈನ್ಯ ಕರೆಸುವವನಂತೆ ತಗಡು, ಕಂಬ ಕರೆಸಿದ. ತಗಡು ಹೇರಿದ ಟೆಂಪೊ ಮುಂದೆ, ಸಾಹೇಬರ ಕಾರು ಹಿಂದೆ, ಎರಡೂ ಜೋಡಿಯಾಗಿಯೇ ಗೇಟು ಹೊಕ್ಕವು. ಹೆಂಗಸರು ಚಪ್ಪಾಳೆ ತಟ್ಟಿದ್ದು ಟೆಂಪೊಗೆ. ಸಾಹೇಬರು ತಮಗೇ ಎಂದುಕೊಂಡು ಕೈಬೀಸಿದರು. ವಿಷಯ ತಿಳಿದ ಮೇಲೆ ಕಪ್ಪು ಗಾಜನ್ನು ನಾಲ್ಕು ಬೆರಳು ಇಳಿಸಿ, ತಣ್ಣನೆ ಗಾಳಿಯ ಜೊತೆ ಒಂದು ಪ್ರಶ್ನೆಯನ್ನೂ ಹೊರಬಿಟ್ಟರು:

"ಸೂರ್ಯನನ್ನೇ ನಂಬಿ ದುಡಿಯೋರು, ಬಿಸಿಲಿಗೆ ಹೆದರಿದರೆ ಹೇಗಮ್ಮ?"

ಅಂಬಮ್ಮ ಹೇಳಿದಳು: "ನೀವು ಮದ್ಲು ಕಾರಿಂದ ಇಳೀರಿ. ಆಮ್ಯಾಲ ಕೇಳ್ರಿ."